ಬಿಸಿ ನೆಲ ಕೈಕೊಟ್ಟಾಗ: ಟೈಲ್ಸ್ ಒಡೆಯುವ ಮುಂಚೆ ಮೀಟರ್ ಹಿಡಿಯಿರಿ

ನಾನು ತಲುಪುವಷ್ಟರಲ್ಲಿ ಮೇಸ್ತ್ರಿ ಉಳಿ, ಸುತ್ತಿಗೆ ಹಿಡಿದು ಬಾತ್‌ರೂಮಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. “ಅಣ್ಣಾ, ಯಾವ ಕಡೆಯಿಂದ ಒಡೀಲಿ?” ಅಂತ ನನ್ನನ್ನೇ ಕೇಳಿದರು. ಊಟಿಯ ಒಂದು ಹೋಂಸ್ಟೇ. ಜನವರಿ ತಿಂಗಳು. ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದ ಹಾಗೆ ಕಾಣುತ್ತಿತ್ತು. ನೆಲದ ಅಡಿಯ ಹೀಟಿಂಗ್ ಮ್ಯಾಟ್, ಅಂದರೆ ಕರೆಂಟಿಗೆ ಕಾಯುವ ವೈರಿನ ಚಾಪೆ, ಎರಡು ವಾರದಿಂದ ಆಗಾಗ ಕೈಕೊಡುತ್ತಿತ್ತು. ವೈರ್ ಸುಟ್ಟಿದೆ, ನೆಲ ಪೂರ್ತಿ ಕೀಳಬೇಕು ಅಂತ ಮಾಲೀಕರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು.

ಅವತ್ತು ಕಿತ್ತಿದ್ದು ಒಂದೇ ಒಂದು ಟೈಲ್. ಹೇಗೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮ ಊರು ತಾಳವಾಡಿ. ಅಲ್ಲಿ ನೆಲಕ್ಕೆ ಕರೆಂಟ್ ಕೊಟ್ಟು ಬಿಸಿ ಮಾಡುತ್ತಾರೆ ಅಂದರೆ ಯಾರೂ ನಂಬುವುದಿಲ್ಲ. “ಬಿಸಿಲಿಗೆ ಹೋಗಿ ಕೂತ್ಕೊಳ್ಳೋಕೆ ಏನು ರೋಗ ಅವರಿಗೆ?” ಅಂತ ನಮ್ಮಮ್ಮ ಕೇಳಿದ್ದರು. ಆದರೆ ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ. ಡಿಸೆಂಬರ್, ಜನವರಿಯ ರಾತ್ರಿ ಕೆಲವು ಕಡೆ ಸೊನ್ನೆ ಡಿಗ್ರಿ ಹತ್ತಿರಕ್ಕೆ ಇಳಿಯುತ್ತದೆ. ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಟೈಲ್ಸ್ ಮೇಲೆ ಕಾಲಿಟ್ಟವರಿಗೆ ಇದರ ಬೆಲೆ ಗೊತ್ತು. ಹಾಗಾಗಿ ಊಟಿ, ಕುನ್ನೂರು, ಕೋಟಗಿರಿ ಕಡೆ ಹೋಂಸ್ಟೇಗಳಲ್ಲಿ ನನಗೆ ಈ ಕೆಲಸ ಸಿಗುತ್ತದೆ.

ಇಷ್ಟು ದಿನದಲ್ಲಿ ನಾನು ಕಂಡದ್ದು ಒಂದು. ಕಾಯುವ ವೈರು ತಾನಾಗಿ ಕೆಡುವುದು ತೀರಾ ಕಮ್ಮಿ. ಅದರ ಮೇಲೆ ಏನೋ ಹಾಸಿರುತ್ತಾರೆ, ಕೆಳಗೆ ಹಾಸಬೇಕಾದ್ದನ್ನು ಹಾಸಿರುವುದಿಲ್ಲ, ಇಲ್ಲಾ ಪಕ್ಕದಲ್ಲಿ ಡ್ರಿಲ್ ಹಾಕಿರುತ್ತಾರೆ. ತೊಂದರೆ ಅಲ್ಲೇ ಇರುತ್ತದೆ. ಅದಕ್ಕೇ ಉಳಿ ಕೊನೆಗೆ, ಮೀಟರ್ ಮೊದಲು. ಮೀಟರ್ ಅಂದರೆ ಕರೆಂಟ್ ಕೆಲಸದವರ ಮಲ್ಟಿಮೀಟರ್.

ಮೊದಲು ಕಾಗದ, ಆಮೇಲೆ ಮೀಟರ್

ಮ್ಯಾಟ್ ಹಾಕಿದವರು ಒಂದು ಕಾಗದ ಕೊಟ್ಟಿರಬೇಕು. ಎಷ್ಟು ಚದರ ಮೀಟರ್, ಎಷ್ಟು ವ್ಯಾಟ್, ಎಷ್ಟು ಓಮ್ (ವೈರು ಕರೆಂಟಿಗೆ ಒಡ್ಡುವ ತಡೆ) ಅಂತ ಅದರಲ್ಲಿ ಇರುತ್ತದೆ. ಜೊತೆಗೆ, ಟೈಲ್ಸ್ ಮುಚ್ಚುವ ಮುಂಚೆ ಮ್ಯಾಟ್ ಹೇಗೆ ಹಾಸಿದೆ ಅಂತ ತೆಗೆದ ಫೋಟೋ. ಈ ಎರಡು ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಕಾಗದ ಕಳೆದಿದ್ದರೆ ಲೆಕ್ಕ ಹಾಕಬಹುದು. ಟೈಲ್ಸ್ ಅಡಿ ಹಾಕುವ ಮ್ಯಾಟ್ ಸಾಮಾನ್ಯವಾಗಿ ಚದರ ಮೀಟರಿಗೆ 150 ವ್ಯಾಟ್. 4 ಚದರ ಮೀಟರ್ ಅಂದರೆ 600 ವ್ಯಾಟ್. ಮನೆಯ ಕರೆಂಟ್ 230 ವೋಲ್ಟ್, ಆ 230ನ್ನು 230ರಿಂದ ಗುಣಿಸಿ 600ರಿಂದ ಭಾಗಿಸಿದರೆ 88 ಓಮ್ ಬರುತ್ತದೆ. ಹೆಚ್ಚಿನ ಮ್ಯಾಟ್‌ಗಳಲ್ಲಿ 5 ಪರ್ಸೆಂಟ್ ಕಮ್ಮಿ, 10 ಪರ್ಸೆಂಟ್ ಜಾಸ್ತಿ ಇದ್ದರೆ ನಡೆಯುತ್ತದೆ. ಅಂದರೆ ಸುಮಾರು 84ರಿಂದ 97 ಓಮ್ ಒಳಗೆ ಇದ್ದರೆ ವೈರ್ ತುಂಡಾಗಿಲ್ಲ ಅಂತ ತಿಳಿಯಿರಿ.

ಅಳೆಯುವ ಮುಂಚೆ ಡಿಬಿಯಲ್ಲಿ, ಅಂದರೆ ಮನೆಯ ಮೇನ್ ಪೆಟ್ಟಿಗೆಯಲ್ಲಿ, ಎಂಸಿಬಿ ಸ್ವಿಚ್ ಇಳಿಸಿ. ಥರ್ಮೋಸ್ಟಾಟ್ (ಬಿಸಿ ಎಷ್ಟಿರಬೇಕು ಅಂತ ನೋಡಿಕೊಳ್ಳುವ ಪೆಟ್ಟಿಗೆ) ಬಿಚ್ಚಿ, ಮ್ಯಾಟ್‌ನಿಂದ ಬಂದ ಎರಡು ವೈರುಗಳನ್ನು ಹೊರಗೆ ತೆಗೆಯಿರಿ. ಟೆಸ್ಟರ್ ಇಟ್ಟು ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಮೀಟರನ್ನು ಓಮ್‌ಗೆ ತಿರುಗಿಸಿ ಎರಡು ವೈರಿನ ನಡುವೆ ಹಿಡಿಯಿರಿ. ಬರಬೇಕಾದ ಸಂಖ್ಯೆ ಬಂದರೆ ವೈರ್ ಸರಿ ಇದೆ. ಏನೂ ತೋರಿಸದಿದ್ದರೆ ಎಲ್ಲೋ ತುಂಡಾಗಿದೆ. ತೀರಾ ಕಮ್ಮಿ ತೋರಿಸಿದರೆ ಒಳಗೆ ಶಾರ್ಟ್ ಆಗಿದೆ, ಇಲ್ಲವೇ ಒಂದೇ ಥರ್ಮೋಸ್ಟಾಟ್‌ಗೆ ಎರಡು ಮ್ಯಾಟ್ ಜೋಡಿಸಿದ್ದಾರೆ. ಎರಡನೆಯದು ಗೊತ್ತಿಲ್ಲದೆ ನಾನೇ ಒಮ್ಮೆ ಮುಕ್ಕಾಲು ಗಂಟೆ ತಲೆ ಕೆರೆದುಕೊಂಡಿದ್ದೇನೆ.

ಆಮೇಲೆ ಮೆಗ್ಗರ್, ಅಂದರೆ ವೈರಿನ ಹೊದಿಕೆ ಗಟ್ಟಿ ಇದೆಯಾ ಅಂತ ನೋಡುವ ಮೀಟರ್. ಎರಡೂ ವೈರನ್ನು ಒಟ್ಟಿಗೆ ಸೇರಿಸಿ, ಅದಕ್ಕೂ ಮ್ಯಾಟ್‌ನ ಅರ್ತ್ ಜಾಲರಿಗೂ (ವೈರಿನ ಸುತ್ತ ಇರುವ ಲೋಹದ ಹೆಣಿಗೆ) ನಡುವೆ 500 ವೋಲ್ಟ್ ಕೊಟ್ಟು ನೋಡಬೇಕು. ಹೊಸ ಮ್ಯಾಟ್ ನೂರಾರು ಮೆಗಾಓಮ್ ತೋರಿಸುತ್ತದೆ. 1 ಮೆಗಾಓಮ್‌ಗಿಂತ ಕೆಳಗೆ ಬಂದರೆ ಎಲ್ಲೋ ವೈರಿನ ಮೈ ಗಾಯ ಆಗಿದೆ. ಥರ್ಮೋಸ್ಟಾಟ್ ಬಿಚ್ಚದೆ ಮೆಗ್ಗರ್ ತಿರುಗಿಸಬೇಡಿ. ಅದರ ಒಳಗಿನ ಸರ್ಕ್ಯೂಟ್ ಸುಟ್ಟು ಹೋಗುತ್ತದೆ, ಆಮೇಲೆ ಒಂದಿದ್ದ ತೊಂದರೆ ಎರಡಾಗುತ್ತದೆ.

ಥರ್ಮೋಸ್ಟಾಟ್‌ನಲ್ಲಿ ಎರರ್ ಬಂದರೆ

ಇದು ಸುಲಭದ್ದು. ನೆಲದೊಳಗೆ ಪೆನ್ಸಿಲ್ ತುದಿಯಷ್ಟು ದಪ್ಪದ ಒಂದು ಸೆನ್ಸರ್ ಇರುತ್ತದೆ. ಹೆಚ್ಚಿನವು 25 ಡಿಗ್ರಿಯಲ್ಲಿ 10 ಕಿಲೋಓಮ್. ತಣ್ಣಗಾದಷ್ಟೂ ಓಮ್ ಏರುತ್ತದೆ. 15 ಡಿಗ್ರಿಗೆ ಸುಮಾರು 16, 10 ಡಿಗ್ರಿಗೆ ಸುಮಾರು 20. ಊಟಿಯ ಬೆಳಗಿನಲ್ಲಿ 20 ಬಂತು ಅಂತ ಗಾಬರಿ ಬೇಡ, ಅದು ಸರಿಯಾದ ಲೆಕ್ಕವೇ. ಸೊನ್ನೆ ಬಂದರೆ ಅಥವಾ ಏನೂ ಬಾರದಿದ್ದರೆ ಸೆನ್ಸರ್ ಹೋಗಿದೆ. ಥರ್ಮೋಸ್ಟಾಟ್ ಬದಲಿಸಿದ ಮೇಲೆ ಎರರ್ ಶುರುವಾಗಿದ್ದರೆ ಬೇರೆ ಕಾರಣವೂ ಇರಬಹುದು. ಕೆಲವು ಕಂಪನಿಗಳದ್ದು 5, 12 ಅಥವಾ 100 ಕಿಲೋಓಮ್ ಸೆನ್ಸರ್. ಹಳೆ ಸೆನ್ಸರ್‌ಗೂ ಹೊಸ ಪೆಟ್ಟಿಗೆಗೂ ಹೊಂದದಿದ್ದರೆ, ನೆಲ ತಣ್ಣಗಿದ್ದರೂ ಅದು 40 ಡಿಗ್ರಿ ಅಂತ ತಿಳಿದು ಸುಮ್ಮನೆ ಕೂತಿರುತ್ತದೆ.

ಸೆನ್ಸರನ್ನು ಸಣ್ಣ ಪೈಪಿನೊಳಗೆ ಬಿಟ್ಟಿದ್ದರೆ ಹಳೆಯದನ್ನು ಎಳೆದು ಹೊಸದನ್ನು ತೂರಿಸಿ, ಹತ್ತು ನಿಮಿಷ ಸಾಕು. ಪೈಪ್ ಉಳಿಸೋಣ ಅಂತ ನೇರ ಟೈಲ್ಸ್ ಅಂಟಿಸುವ ಗಮ್ಮಿನಲ್ಲೇ ಹೂತಿದ್ದರೆ ಒಡೆಯಬೇಕು. ಮೂವತ್ತು ರೂಪಾಯಿ ಪೈಪಿನ ಉಳಿತಾಯಕ್ಕೆ ನೆಲ ಒಡೆಯುವುದು ನೋಡಿದಾಗ ನನಗೆ ಸಿಟ್ಟೇ ಬರುತ್ತದೆ.

ಟ್ರಿಪ್ ಆಗುತ್ತಿದ್ದರೆ

ಈಗ ಆ ಹೋಂಸ್ಟೇ ಕಥೆ. ಅಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಎಲ್ಲಾದರೂ ಸೋರಿದರೆ ತಾನಾಗಿ ಬಂದ್ ಆಗುವ ಸ್ವಿಚ್, ಬೀಳುತ್ತಿತ್ತು, ಆದರೆ ಯಾವಾಗಲೂ ಅಲ್ಲ. ಇಂಥದ್ದೇ ಕಷ್ಟ, ನಾವು ನೋಡಲು ಹೋದಾಗ ಎಲ್ಲ ಚೆನ್ನಾಗಿಯೇ ಓಡುತ್ತಿರುತ್ತದೆ.

ಮೊದಲ ಅನುಮಾನ ಮ್ಯಾಟ್ ಮೇಲೆ ಬೇಡ, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಮೇಲೆ ಇರಲಿ. ಹಳೆ ಬಂಗಲೆಗಳಲ್ಲಿ ಕಾಲಕಾಲಕ್ಕೆ ವೈರಿಂಗ್ ಸೇರಿಸಿರುತ್ತಾರೆ. ಒಂದು ಸರ್ಕ್ಯೂಟಿನ ಫೇಸ್, ಇನ್ನೊಂದರ ನ್ಯೂಟ್ರಲ್ ಸೇರಿಹೋದರೆ ಆರ್‌ಸಿಸಿಬಿಗೆ ಅದು ಲೀಕೇಜ್ ಥರವೇ ಕಾಣುತ್ತದೆ. ಮ್ಯಾಟನ್ನು ಪೂರ್ತಿ ಬಿಚ್ಚಿಟ್ಟು ಒಂದು ದಿನ ಬಿಡಿ. ಆಗಲೂ ಬಿದ್ದರೆ ನೆಲದ್ದೇನೂ ತಪ್ಪಿಲ್ಲ. ಗೀಸರನ್ನೂ ನೋಡಿ, ಹಳೆ ಗೀಸರಿನ ಕಾಯಿಲ್ ಲೀಕ್ ಆಗಿ ಮ್ಯಾಟ್ ಬೈಗುಳ ತಿಂದದ್ದು ನೋಡಿದ್ದೇನೆ.

ಇಲ್ಲಿ ಮ್ಯಾಟ್ ಬಿಚ್ಚಿದಾಗ ಟ್ರಿಪ್ ನಿಂತಿತ್ತು. ಎರಡು ವೈರಿನ ನಡುವೆ 89 ಓಮ್, ಸರಿಯಾಗಿದೆ. ಮೆಗ್ಗರ್‌ನಲ್ಲಿ 0.3 ಮೆಗಾಓಮ್. ಕೆಟ್ಟದ್ದು ಹೌದು, ಆದರೆ ಆರ್‌ಸಿಸಿಬಿ ಬೀಳಿಸುವಷ್ಟು ಅಲ್ಲ. ಆಗ ಕೆಲಸಕ್ಕೆ ಬರುವ ಅಕ್ಕನನ್ನು ಕೇಳಿದೆ, ಯಾವ ಹೊತ್ತಿಗೆ ಬೀಳುತ್ತದೆ ಅಂತ. “ನಾನು ನೆಲ ತೊಳೆದ ಮೇಲೇನೇ ಅಣ್ಣಾ. ಒಣಗಿದ್ ಮೇಲೆ ಮತ್ತೆ ನಿಲ್ಲುತ್ತೆ” ಅಂದರು. ಮಾಲೀಕರಿಗೆ ಗೊತ್ತಿರಲಿಲ್ಲ. ಮೇಸ್ತ್ರಿಗೂ ಗೊತ್ತಿರಲಿಲ್ಲ. ದಿನಾ ನೆಲ ತೊಳೆಯುವವರಿಗೆ ಗೊತ್ತಿತ್ತು.

ಒಂದು ಬಕೆಟ್ ನೀರು ತಂದು ಮಗ್ಗಿನಲ್ಲಿ ಒಂದೊಂದೇ ಕಡೆ ಸುರಿದೆವು. ಬಾಗಿಲ ಹಿಂದೆ ಸುರಿದು ಸ್ವಲ್ಪ ಹೊತ್ತಿಗೆ ಮೆಗ್ಗರ್ ಸೊನ್ನೆಗೆ ಬಂತು. ಆದರೆ ನೀರು ಇಳಿಜಾರಿಗೆ ಹರಿದು ಎಲ್ಲೋ ಇಳಿದಿರಲೂಬಹುದು, ಅದನ್ನು ನಂಬಿ ಉಳಿ ಹಾಕುವುದು ಸರಿಯಲ್ಲ. ಬೈಕಿನ ಬ್ಯಾಟರಿ ಬಿಚ್ಚಿ ತಂದೆ.

ಈ ಉಪಾಯ ಗೊತ್ತಿರಲಿ. ಕರೆಂಟ್ ಪೂರ್ತಿ ತೆಗೆದು, ಮ್ಯಾಟ್‌ನ ಎರಡು ವೈರುಗಳಿಗೆ 12 ವೋಲ್ಟ್ ಬ್ಯಾಟರಿ ಕೊಡಬೇಕು. ವೈರಿನ ಉದ್ದಕ್ಕೂ ವೋಲ್ಟೇಜ್ ಸಮನಾಗಿ ಇಳಿಯುತ್ತಾ ಹೋಗುತ್ತದೆ. ಗಾಯ ಆದ ಜಾಗದಲ್ಲಿ ವೈರಿನ ವೋಲ್ಟೇಜ್ ಅರ್ತ್ ಜಾಲರಿಗೆ ಬಂದಿರುತ್ತದೆ. ಹಾಗಾಗಿ ಜಾಲರಿಯಿಂದ ಒಂದೊಂದು ವೈರಿಗೂ ವೋಲ್ಟೇಜ್ ಅಳೆದರೆ ಗಾಯ ಎಷ್ಟು ದೂರದಲ್ಲಿದೆ ಅಂತ ಮೀಟರೇ ಹೇಳುತ್ತದೆ. ಜಾಲರಿಯನ್ನು ಮನೆಯ ಅರ್ತ್‌ನಿಂದ ಬಿಚ್ಚಿರಬೇಕು, ಅಷ್ಟೆ.

ಬ್ಯಾಟರಿ 12.4 ವೋಲ್ಟ್ ಇತ್ತು. ಮೊದಲ ವೈರಿನಿಂದ ಜಾಲರಿಗೆ 3.1, ಎರಡನೆಯದರಿಂದ 9.3. ಅಂದರೆ ಒಟ್ಟು ದಾರಿಯ ಕಾಲು ಭಾಗದಲ್ಲಿ ಗಾಯ. ಮ್ಯಾಟ್ 50 ಸೆಂಟಿಮೀಟರ್ ಅಗಲ, 8 ಮೀಟರ್ ಉದ್ದ. ವೈರು ಒಂದು ಎಳೆಯಲ್ಲಿ ಹೋಗಿ ಇನ್ನೊಂದು ಎಳೆಯಲ್ಲಿ ವಾಪಸ್ ಬರುವುದರಿಂದ ಪೂರ್ತಿ ದಾರಿ ಮ್ಯಾಟಿನ ಎರಡರಷ್ಟು, 16 ಮೀಟರ್ ಅಂತ ಇಟ್ಟುಕೊಳ್ಳಿ. ಅದರ ಕಾಲು ಭಾಗ ಅಂದರೆ ಮ್ಯಾಟಿನ 4ನೇ ಮೀಟರ್. ಎರಡೂ ಎಳೆ ಕಾಯುವ ಮ್ಯಾಟಿಗೆ ಈ ಲೆಕ್ಕ. ವಾಪಸ್ ಬರುವ ಎಳೆ ಬರೀ ತಾಮ್ರದ್ದಾದರೆ ಹೋಗುವ ದಾರಿ ಒಂದನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಮಾಲೀಕರ ಮೊಬೈಲಿನಲ್ಲಿ ಹಳೆ ಫೋಟೋ ಇತ್ತು. 2 ಮೀಟರಿನ ನಾಲ್ಕು ಪಟ್ಟಿಯಾಗಿ ಮ್ಯಾಟ್ ಹಾಸಿದ್ದರು. 4ನೇ ಮೀಟರ್ ಅಂದರೆ ಎರಡನೇ ಪಟ್ಟಿ ಮುಗಿದು ಮೂರನೆಯದಕ್ಕೆ ತಿರುಗುವ ಜಾಗ. ಅದೇ ಬಾಗಿಲ ಹಿಂದಿನ ಗೋಡೆ ಪಕ್ಕ. ಅಲ್ಲಿ ನೆಲದ ಮೇಲೆ ಹೊಳೆಯುವ ಸ್ಟೀಲಿನ ಒಂದು ಡೋರ್ ಮ್ಯಾಗ್ನೆಟ್ ಕೂತಿತ್ತು! ಬಾಗಿಲು ಗಾಳಿಗೆ ಹೊಡೆಯುತ್ತದೆ ಅಂತ ತಿಂಗಳ ಹಿಂದೆ ಬಡಗಿ ಹಾಕಿ ಹೋಗಿದ್ದ. ಸ್ಕ್ರೂ ತಿರುಗಿಸಿ ತೆಗೆದೆ. ಒಂದೂವರೆ ಇಂಚಿಗೆ ಸ್ವಲ್ಪ ಕಮ್ಮಿ ಉದ್ದ, ಅರ್ಧ ಭಾಗ ತುಕ್ಕು. ಟೈಲ್ 10 ಮಿಲಿಮೀಟರ್, ಅದರ ಕೆಳಗೇ ಮ್ಯಾಟ್. ಸ್ಕ್ರೂ ವೈರಿನ ಮೈ ಕೆರೆದು ಪಕ್ಕದಲ್ಲೇ ನಿಂತಿತ್ತು. ಒಣಗಿದ್ದಾಗ ತೆಪ್ಪಗೆ ಇರುತ್ತಿತ್ತು. ನೀರು ಸ್ಕ್ರೂ ಪಕ್ಕದಲ್ಲಿ ಇಳಿದ ಕೂಡಲೇ ಲೀಕ್.

ಒಂದು ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಟ್ರಿಪ್ ಆಗುತ್ತದೆ ಅಂತ ಆರ್‌ಸಿಸಿಬಿ ಬೈಪಾಸ್ ಮಾಡಿಕೊಡಿ ಅನ್ನುವವರಿದ್ದಾರೆ. 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ನಾನು ಬಿಸಿ ನೆಲ ಚಾಲೂ ಮಾಡುವುದಿಲ್ಲ. ಒದ್ದೆ ನೆಲ, ಬರಿಗಾಲು, ಅಡಿಯಲ್ಲೇ 230 ವೋಲ್ಟ್. ಆ ಸ್ಕ್ರೂ ತಲೆಯ ಮೇಲೆ ಕಾಲಿಟ್ಟವರನ್ನು ಉಳಿಸಿದ್ದು ಅದೇ ಪೆಟ್ಟಿಗೆ.

ಕರೆಂಟ್ ಎಳೆಯುತ್ತಿದೆ, ಬಿಸಿ ಗೊತ್ತಾಗುತ್ತಿಲ್ಲ

ಇಲ್ಲಿ ಮೀಟರ್‌ಗಿಂತ ಕಣ್ಣಿಗೆ ಕೆಲಸ ಜಾಸ್ತಿ. ನೆಲದ ಮೇಲೆ ಏನು ಹಾಸಿದೆ ನೋಡಿ. ಚದರ ಮೀಟರಿಗೆ 100 ವ್ಯಾಟ್ ಶಾಖ ಮೇಲೆ ಬರಬೇಕು ಅಂತ ಇಟ್ಟುಕೊಳ್ಳಿ. 18 ಮಿಲಿಮೀಟರ್ ಗ್ರಾನೈಟ್ ಆದರೆ ಅದರ ಅಡಿಗೂ ಮೇಲಕ್ಕೂ ಒಂದು ಡಿಗ್ರಿಯೂ ವ್ಯತ್ಯಾಸ ಬೇಡ. 10 ಮಿಲಿಮೀಟರ್ ಟೈಲ್ ಆದರೆ ಸುಮಾರು ಒಂದು ಡಿಗ್ರಿ. 14 ಮಿಲಿಮೀಟರ್ ಮರದ ಹಲಗೆ ಆದರೆ ಒಂಬತ್ತು ಡಿಗ್ರಿ. ದಪ್ಪ ಕಾರ್ಪೆಟ್, ಅದರಡಿ ಫೋಮ್ ಇದ್ದರೆ 25 ಡಿಗ್ರಿ ಬೇಕಾಗಬಹುದು. ಅಂದರೆ ಕಾರ್ಪೆಟ್ ಮೇಲೆ 25 ಡಿಗ್ರಿ ಬೇಕಾದರೆ ಕೆಳಗೆ 50 ಆಗಬೇಕು. ಅಷ್ಟಕ್ಕೆ ಥರ್ಮೋಸ್ಟಾಟ್ ಬಿಡುವುದಿಲ್ಲ, ಬಿಡಲೂಬಾರದು. ಮ್ಯಾಟ್ ಚೆನ್ನಾಗಿದೆ, ಮೇಲೆ ಹೊದ್ದಿರುವ ಕಂಬಳಿ ತೆಗೆಯಿರಿ ಅಂತ ಹೇಳಿ ಬರುತ್ತೇನೆ.

ಕಲ್ಲು, ಟೈಲ್ಸ್ ಇದ್ದೂ ತಡವಾಗುತ್ತಿದ್ದರೆ ಕೆಳಗೆ ಏನು ಹಾಕಿಲ್ಲ ಅಂತ ಕೇಳಿ. ಇನ್ಸುಲೇಷನ್ ಬೋರ್ಡ್ ಹಾಕದೆ ನೇರ ಕಾಂಕ್ರೀಟ್ ಮೇಲೆ ಮ್ಯಾಟ್ ಅಂಟಿಸಿದ್ದರೆ ಶಾಖದಲ್ಲಿ ದೊಡ್ಡ ಪಾಲು ಕೆಳಗಿನ ಕಾಂಕ್ರೀಟಿಗೆ ಹೋಗುತ್ತದೆ. ಬೋರ್ಡ್ ಇರುವ ಕಡೆ ಅರ್ಧ, ಮುಕ್ಕಾಲು ಗಂಟೆಗೆ ಕಾಲಿಗೆ ಗೊತ್ತಾಗುತ್ತದೆ. ಇಲ್ಲದ ಕಡೆ ಎರಡು ಮೂರು ಗಂಟೆ. ಇದಕ್ಕೆ ಈಗ ಮದ್ದಿಲ್ಲ, ಟೈಮರ್ ಇಟ್ಟು ಮುಂಚೆಯೇ ಆನ್ ಆಗುವ ಹಾಗೆ ಮಾಡಬೇಕು. ಗೆಸ್ಟ್ ಬಂದು ಗೀಸರ್ ಸ್ವಿಚ್ ಹಾಕಿದ ಹಾಗೆ ಹಾಕಿ ಹತ್ತು ನಿಮಿಷಕ್ಕೆ ಬಿಸಿ ಬರಲಿಲ್ಲ ಅಂದರೆ ಅದು ನೆಲದ ತಪ್ಪಲ್ಲ.

ಇನ್ನೊಂದು ಕಳ್ಳ ಇದ್ದಾನೆ, ವೋಲ್ಟೇಜ್. ಸೀಸನ್‌ನಲ್ಲಿ ಎಲ್ಲರೂ ಹೀಟರ್, ಗೀಸರ್ ಹಾಕಿದಾಗ ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ. 230 ಇದ್ದದ್ದು 200 ಆದರೆ 600 ವ್ಯಾಟಿನ ಮ್ಯಾಟ್ 454 ವ್ಯಾಟ್ ಮಾತ್ರ ಕೊಡುತ್ತದೆ. 190 ಆದರೆ 409. ಮಧ್ಯಾಹ್ನ ಹೋಗಿ ಅಳೆದರೆ ಎಲ್ಲ ಸರಿ ಇರುತ್ತದೆ. ರಾತ್ರಿ ಎಂಟು ಗಂಟೆಗೆ ಅಳೆಯಿರಿ.

ನೆಲ ಬೆಚ್ಚಗಿದೆ, ಆದರೆ ಕೋಣೆ ಬೆಚ್ಚಗಾಗಲಿಲ್ಲ ಅನ್ನುವವರೂ ಇದ್ದಾರೆ. ನೆಲ ಗಾಳಿಗಿಂತ ಒಂದು ಡಿಗ್ರಿ ಬಿಸಿ ಇದ್ದರೆ ಚದರ ಮೀಟರಿಗೆ 10, 11 ವ್ಯಾಟ್ ಮಾತ್ರ ಕೋಣೆಗೆ ಸಿಗುತ್ತದೆ. ಹದಿನಾಲ್ಕು ಅಡಿ ಸೀಲಿಂಗ್, ಸಂದು ಬಿಟ್ಟ ಕಿಟಕಿ ಇರುವ ಹಳೆ ಬಂಗಲೆಗೆ ಅದು ಸಾಲುವುದಿಲ್ಲ. ಅಲ್ಲಿ ಕಾಲಿಗೆ ಸುಖ, ಅಷ್ಟೆ. ಮೊದಲೇ ಹೇಳಿದ್ದರೆ ಜಗಳ ಇರುತ್ತಿರಲಿಲ್ಲ, ಅಲ್ವಾ?

ಒಂದೇ ಕಡೆ ಸುಡುತ್ತಿದ್ದರೆ, ಮರ ಎದ್ದರೆ

ಮರ, ಲ್ಯಾಮಿನೇಟ್, ವಿನೈಲ್ ನೆಲಕ್ಕೆ ಸಾಮಾನ್ಯವಾಗಿ 27 ಡಿಗ್ರಿ ಮಿತಿ. ಆ ಮಿತಿ ಕಾಯುವುದು ನೆಲದ ಸೆನ್ಸರ್. ಥರ್ಮೋಸ್ಟಾಟನ್ನು ಗಾಳಿ ನೋಡುವ ಮೋಡಿನಲ್ಲಿ ಮಾತ್ರ ಇಟ್ಟಿದ್ದರೆ, ಚಳಿಗೆ ಕೋಣೆ ಬಿಸಿಯಾಗದೆ ರಾತ್ರಿಯಿಡೀ ನೆಲ ಕಾಯುತ್ತಲೇ ಇರುತ್ತದೆ. ಬೆಳಿಗ್ಗೆ ಹಲಗೆಗಳ ನಡುವೆ ಬೆರಳುಗುರು ತೂರುವಷ್ಟು ಸಂದು. ಮಳೆಗಾಲದಲ್ಲಿ ಉಬ್ಬಿದ ಮರ ಜನವರಿಯಲ್ಲಿ ಒಮ್ಮೆಲೇ ಒಣಗಿದರೆ ಹಾಗೇ ಆಗುವುದು. ಚಳಿ ಶುರುವಾದಾಗ ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಬೇಕು. ಗಟ್ಟಿ ತೇಗದ ಹಲಗೆ ಹಾಕಿ ಅಡಿಯಲ್ಲಿ ಮ್ಯಾಟ್ ಇಡಿ ಅಂದರೆ ನಾನು ಬೇಡ ಅನ್ನುತ್ತೇನೆ, ಪದರ ಪದರವಾಗಿ ಅಂಟಿಸಿದ ಎಂಜಿನಿಯರ್ಡ್ ಹಲಗೆ ಹಾಕಿಸಿ.

ಕ್ರಿಸ್‌ಮಸ್ ರಜೆಯಲ್ಲಿ ಕುನ್ನೂರಿನಿಂದ ಒಂದು ಫೋನ್ ಬಂತು, ಲ್ಯಾಮಿನೇಟ್ ಸುಟ್ಟ ವಾಸನೆ ಅಂತ. ಹೋಗಿ ನೋಡಿದರೆ ಕೋಣೆ ಮಧ್ಯೆ ಕಂದು ಬಣ್ಣದ ಒಂದು ಕಲೆ. ಆರಡಿ ಉದ್ದ, ಮೂರಡಿ ಅಗಲ, ಮೂಲೆಗಳು ಮಾತ್ರ ಸ್ವಲ್ಪ ದುಂಡಗೆ. ಹಾಸಿಗೆಯದ್ದೇ ಅಚ್ಚು! ಜನ ಜಾಸ್ತಿ ಬಂದರು ಅಂತ ಎಕ್ಸ್‌ಟ್ರಾ ಬೆಡ್ ಅನ್ನು ಬಿಸಿ ನೆಲದ ಮೇಲೇ ಹಾಸಿದ್ದರು. ಮಲಗಿದವರಿಗೆ ಸ್ವರ್ಗ, ಎದ್ದು ಹೋಗಿದ್ದೂ ಇಲ್ಲ, ಬಂದ್ ಮಾಡಿದ್ದೂ ಇಲ್ಲ. ಹಾಸಿಗೆ ಅಡಿಯ ಶಾಖಕ್ಕೆ ಹೊರಬರಲು ದಾರಿ ಇಲ್ಲ. ಸೆನ್ಸರ್ ಇದ್ದದ್ದು ಎರಡು ಮೀಟರ್ ಆಚೆ, ಅಲ್ಲಿ ನೆಲ ತಣ್ಣಗೇ ಇತ್ತು. ಹಾಗಾಗಿ ಮ್ಯಾಟ್ ನಿಲ್ಲಲೇ ಇಲ್ಲ. ಬೀನ್ ಬ್ಯಾಗ್, ಕಾಲಿಲ್ಲದ ಬೀರು, ನಾಲ್ಕು ಮಡಿಕೆ ಜಮಖಾನ, ಎಲ್ಲದರ ಕಥೆಯೂ ಇದೇ.

ಮೇಲೆ ಏನೂ ಇಲ್ಲದೆ ಒಂದು ಟೈಲ್ ಮಾತ್ರ ಸುಡುತ್ತಿದ್ದರೆ ಅದರಡಿ ಗಮ್ ಪೂರ್ತಿ ತುಂಬಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬರುತ್ತದೆ. ವೈರ್ ಮೇಲೆ ವೈರ್ ಬಿದ್ದಿದ್ದರೂ ಹೀಗೇ. ಅದನ್ನು ಹಾಗೇ ಬಿಡಬೇಡಿ, ಗಾಳಿಯಲ್ಲಿ ತೂಗುವ ವೈರ್ ತನ್ನನ್ನೇ ಸುಟ್ಟುಕೊಳ್ಳುತ್ತದೆ.

ಒಡೆಯಲೇಬೇಕಾದಾಗ

ಡೋರ್ ಮ್ಯಾಗ್ನೆಟ್ ಇದ್ದ ಟೈಲಿನ ಸುತ್ತ ಮೊದಲು ಸಂದಿನ ಗ್ರೌಟ್ ಕೆರೆದು ತೆಗೆದೆವು. ಮಧ್ಯದಿಂದ ಒಡೆದು ಅಂಚಿಗೆ ಬರಬೇಕು, ಉಳಿ ಮಲಗಿಸಿ ಹಿಡಿಯಬೇಕು. ಮೇಸ್ತ್ರಿಯ ಕೈ ಚೆನ್ನಾಗಿತ್ತು. ಅರ್ಧ ಗಂಟೆಗೆ ನೀಲಿ ವೈರ್ ಕಂಡಿತು, ಅದರ ಮೇಲೆ ಉಗುರಿನಷ್ಟು ಕಪ್ಪು ಕಲೆ.

ಗಾಯದ ಜಾಗ ಕತ್ತರಿಸಿ, ಕಂಪನಿಯ ರಿಪೇರಿ ಕಿಟ್‌ನಲ್ಲಿ ಬರುವ ಸಣ್ಣ ತಾಮ್ರದ ಕೊಳವೆ ಹಾಕಿ ಒತ್ತಬೇಕು. ಒಂದೊಂದು ಎಳೆಗೂ ಬೇರೆ ಬೇರೆ ಸ್ಲೀವ್, ಅರ್ತ್ ಜಾಲರಿಯನ್ನೂ ಜೋಡಿಸಬೇಕು, ಎಲ್ಲದರ ಮೇಲೆ ಗಮ್ ಇರುವ ದೊಡ್ಡ ಸ್ಲೀವ್ ಕಾಯಿಸಿ ಕುಗ್ಗಿಸಬೇಕು. ಇನ್ಸುಲೇಷನ್ ಟೇಪ್ ಸುತ್ತಿ ಮುಚ್ಚುವವರನ್ನು ಮನೆಯೊಳಗೆ ಬಿಡಬೇಡಿ. ಮುಚ್ಚುವ ಮುಂಚೆ ಮತ್ತೆ ಓಮ್, ಮತ್ತೆ ಮೆಗ್ಗರ್. ನಮಗೆ 89 ಓಮ್, 200ಕ್ಕಿಂತ ಜಾಸ್ತಿ ಮೆಗಾಓಮ್ ಬಂತು. ಹೊಸ ಟೈಲಿನಡಿ ಗಮ್ ತುಂಬಾ ತುಂಬಿಸಿದೆವು, ಆ ಜಾಯಿಂಟ್ ಪೂರ್ತಿ ಮುಳುಗಬೇಕು. ಟೈಲ್ ಕೂರಿಸಿದ ಮೇಲೆ ಮೂರನೇ ಸಲ ಅಳೆದು, ಸಂಖ್ಯೆಗಳನ್ನೂ ಆ ಹಳೆ ಫೋಟೋದ ಪ್ರಿಂಟನ್ನೂ ಡಿಬಿ ಬಾಗಿಲ ಒಳಗೆ ಅಂಟಿಸಿದೆ. ಡೋರ್ ಮ್ಯಾಗ್ನೆಟ್ ಈಗ ಗೋಡೆಯ ಮೇಲಿದೆ.

ಗಮ್ ಒಣಗುವವರೆಗೆ ಕನಿಷ್ಠ ಒಂದು ವಾರ ಆನ್ ಮಾಡಬಾರದು. ಸಿಮೆಂಟ್ ಬೆಡ್ಡಿನೊಳಗೆ ಕೇಬಲ್ ಹಾಕಿದ್ದರೆ ನಾಲ್ಕು ವಾರ. ಹಸಿ ಗಮ್ ಕಾಯಿಸಿದರೆ ಬಿರುಕು ಬಿಟ್ಟು ಟೈಲ್ ಕಳಚುತ್ತದೆ. ಇದನ್ನು ಮಾಲೀಕರಿಗೆ ಎರಡು ಸಲ ಹೇಳಿ, ಸ್ವಿಚ್ ಮೇಲೆ ಟೇಪ್ ಅಂಟಿಸಿ ಬಂದೆ. ಮೂರನೇ ದಿನಕ್ಕೇ ಫೋನ್. “ಇವತ್ತು ಗೆಸ್ಟ್ ಬರ್ತಿದ್ದಾರೆ, ಸ್ವಲ್ಪ ಹೊತ್ತು ಮಾತ್ರ ಹಾಕ್ಲಾ?” ಬೇಡ ಅಂದೆ. ಚಪ್ಪಲಿ ಕೊಡಿ ಅಂದೆ.